ಭಟ್ಟಿಚಾಳದ ಕಬ್ಬಿಣದ ಬಾಗಿಲು

೧೯೯೬ರ ಜುಲೈ ೧೯, ಶುಕ್ರವಾರ ಬೆಳಿಗ್ಗೆ ಡೊಂಬಿವಲಿ ಪಶ್ಚಿಮದ ಪೊಲೀಸ್ ಠಾಣೆಯೊಂದರ ಮುಂದೆ ಕೈಗಾಡಿ ಬಂದು ನಿಂತಿತು. ಗಾಡಿಯ ಮೇಲೆ ನೀಲಿ ತಾಡಪತ್ರಿ ಹೊದಿಸಿದ ಹೆಣ. ಹೊರಗೆ ಚಾಚಿದ್ದ ಬಲಗಾಲಿಗೆ ಪ್ಲಾಸ್ಟರು ಕಟ್ಟಿತ್ತು. ನೀರಲ್ಲಿ ನೆನೆದು ಅದು ನಾದಿದ ಹಿಟ್ಟಿನಂತೆ ಕಳಚಿಕೊಳ್ಳುತ್ತಿತ್ತು. ಗಾಡಿಯ ಹಿಂದೆ ನಲವತ್ತು ಐವತ್ತು ಜನ. ಯಾರೂ ಅಳುತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಗುಣಪಾಲ ಚೌಗುಲೆಗೆ ಸರಿ ಕಾಣದ್ದು ಅದೇ. ಅಳುವ ಗುಂಪನ್ನು ಸಮಾಧಾನ ಮಾಡಬಹುದು. ಹೀಗೆ ಸುಮ್ಮನೆ ನಿಂತ ಗುಂಪು ಕಲ್ಲು ಹುಡುಕುತ್ತಿರುತ್ತದೆ.

ಸತ್ತವನು ಮಾಪಣ್ಣ, ಕಲಬುರಗಿ ಕಡೆಯ ಕಟ್ಟಡ ಕೂಲಿ. ತಿಂಗಳ ಹಿಂದೆ ಕೆಲಸದ ಅಟ್ಟಣಿಗೆಯಿಂದ ಬಿದ್ದು ಕಾಲು ಮುರಿದುಕೊಂಡು ಚಾಳದ ಕೋಣೆಯಲ್ಲಿ ಮಲಗಿದ್ದ. ಹಿಂದಿನ ದಿನ ಮಧ್ಯಾಹ್ನ ಭಾರಿ ಮಳೆ, ಮೇಲೆ ಖಾಡಿಯಲ್ಲಿ, ಊರ ಪಕ್ಕದ ಸಮುದ್ರದ ಕವಲಿನಲ್ಲಿ, ಭರತ. ಹೆಂಡತಿ ಗುರಮ್ಮ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮನೆಗೆ ಓಡಿ ಬರುವಷ್ಟರಲ್ಲಿ ಭಟ್ಟಿಚಾಳದ ಸಾಲುಮನೆಗಳು ಮಾಡಿನ ತನಕ ಮುಳುಗಿದ್ದವು.

ಹೆಡ್ ಕಾನ್‌ಸ್ಟೇಬಲ್ ಅಂಬಾದಾಸ ಆಕಸ್ಮಿಕ ಮರಣದ ವರದಿ ಬರೆಯಲು ಕಾಗದ ತೆಗೆದ. ಊರಲ್ಲಿ ಪ್ರತಿ ಮಳೆಗಾಲಕ್ಕೂ ಇಂಥವು ಮೂರು ನಾಲ್ಕು ಬರುತ್ತಿದ್ದವು. ಗುರಮ್ಮ ಮೇಜಿನ ಮೇಲಿದ್ದ ಆ ಕಾಗದದ ಮೇಲೆ ಕೈ ಇಟ್ಟಳು. ಅವಳ ಹಿಂದಿ ಯಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಗುಣಪಾಲನ ತಾಯಿ ನಿಪ್ಪಾಣಿಯವಳು. ಅವನು ಕನ್ನಡದಲ್ಲೇ ಕೇಳಿದ.

"ಏನಾತು, ಹೇಳವ್ವ."

"ನೀರ ಬಂದಿಲ್ರಿ. ನೀರ ನಿಂದ್ರಿಸ್ಯಾರ."

"ಯಾರು?"

"ಅದನ್ನ ನೀವು ಹೇಳ್ಬೇಕು. ನಾ ಸೊಸೈಟಿ ಮನಿಗೋಳ ಕಡಿಂದ ಓಡಿ ಬಂದೀನಿ. ರಸ್ತಾದ ಆಕಡಿ ಮೊಣಕಾಲ ಮಟಾನೂ ನೀರಿಲ್ಲ. ರಸ್ತಾ ಏರಿ ಈಕಡಿ ನೋಡಿದ್ರ ಮನಿ ಮುಳಗ್ಯಾವ. ಮಳಿ ಏನ್ ನಮ್ಮ ಮ್ಯಾಲ ಒಂದs ಬೀಳ್ತದನ್ರಿ?"

ಗುಣಪಾಲ ಹೆಣವನ್ನು ಮರಣೋತ್ತರ ಪರೀಕ್ಷೆಗೆ ಕಲ್ಯಾಣಕ್ಕೆ ಕಳಿಸಿ ಜೀಪು ತೆಗೆಯಲು ಹೇಳಿದ.

ಸ್ಥಳ ನೋಡಿದಾಗ ಹೆಂಗಸಿನ ಮಾತು ಅಕ್ಷರಶಃ ನಿಜವಾಗಿತ್ತು. ಖಾಡಿಯ ದಿಕ್ಕಿನಲ್ಲಿ ತಗ್ಗಿಗೆ ಸಾಗರಛಾಯಾ ಎಂಬ ವಸತಿ ಸೊಸೈಟಿ. ನಾಲ್ಕು ಮಹಡಿಯ ಐದು ಕಟ್ಟಡಗಳು. ಅದರ ಮೇಲ್ಭಾಗಕ್ಕೆ ಎತ್ತರಿಸಿದ ಡಾಂಬರು ರಸ್ತೆ. ರಸ್ತೆಯ ಇನ್ನೊಂದು ಬದಿಗೆ, ಹಿಂದೆ ಇಟ್ಟಿಗೆ ಸುಡುತ್ತಿದ್ದ ಬಯಲಿನಲ್ಲಿ ಭಟ್ಟಿಚಾಳ. ನಾಲೆ ಚಾಳದ ನಡುವೆ ಬಂದು, ರಸ್ತೆಯ ಅಡಿಯ ಎರಡು ದೊಡ್ಡ ಕೊಳವೆಗಳಲ್ಲಿ ನುಗ್ಗಿ, ಸೊಸೈಟಿಯ ಗೋಡೆಗುಂಟ ಖಾಡಿಗೆ ಹೋಗಬೇಕು. ಸೊಸೈಟಿಯ ಅಂಗಳದಲ್ಲಿ ಜನ ಒದ್ದೆ ಕಾಲೊರಸು ಒಣಗಿಸುತ್ತಿದ್ದರು. ಚಾಳದಲ್ಲಿ ಇನ್ನೂ ಎದೆಮಟ್ಟದ ನೀರು ನಿಂತಿತ್ತು.

ಅಗ್ನಿಶಾಮಕ ದಳದ ಪಂಪು ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ನೀರು ಇಳಿಯುತ್ತಾ ಬಂದು, ಕೊಳವೆಗಳ ಬಾಯಲ್ಲಿ ಎರಡು ಕಬ್ಬಿಣದ ಬಾಗಿಲುಗಳು ಕಂಡವು. ಬೂದು ಬಣ್ಣ ಬಳಿದ ದಪ್ಪ ತಗಡು. ಎರಡೂ ಬದಿಗೆ ತಗಡು ಜಾರುವ ಜಾಡು ಕೂರಿಸಿ, ಮೇಲಿನಿಂದ ಬೀಳುವ ಹಾಗೆ ಮಾಡಿದ್ದರು. ಪಿನ್ನು ಕಿತ್ತರೆ ಸಾಕು, ತಮ್ಮ ಭಾರಕ್ಕೆ ತಾವೇ ಇಳಿದು ಬಾಯಿ ಮುಚ್ಚುತ್ತವೆ. ಪಕ್ಕದ ಕಂಬದ ಮೇಲೆ ಮರಾಠಿಯಲ್ಲಿ ಒಂದು ಫಲಕ: ಸರ್ಕಾರಿ ಆಸ್ತಿ, ಮುಟ್ಟಬಾರದು.

ಗುಂಪಿನಿಂದ ಮೊದಲ ಕಲ್ಲು ಆಗ ಬಂತು. ಅದು ಸೊಸೈಟಿಯ ನೆಲಮಹಡಿಯ ಕಿಟಕಿಗೆ ಬಿತ್ತು. ಎರಡನೆಯದು ಜೀಪಿಗೆ. ಅಂಬಾದಾಸ ಲಾಠಿ ಎತ್ತಿದ. ಗುಣಪಾಲ ಬೇಡವೆಂದು ತಡೆದು, ಚಾಳದವರಲ್ಲೇ ಇಬ್ಬರನ್ನು ಪಂಚರನ್ನಾಗಿ ಕರೆದು, ಕೆಸರಿನಲ್ಲಿ ನಿಂತೇ ಪಂಚನಾಮೆ ಬರೆಸಿದ. ಬರೆಸುವಾಗ ಒಂದು ವಿಚಾರ ಅವನ ಕಣ್ಣಿಗೆ ಬಿತ್ತು. ಪ್ರತಿ ತಗಡಿನ ಮೇಲ್ತುದಿಯಲ್ಲಿ, ರಸ್ತೆಗಿಂತ ಒಂದು ಗೇಣು ಕೆಳಗೆ, ನೇರವಾಗಿ ಕತ್ತರಿಸಿದ ಸೀಳು ಇತ್ತು. ನೀರು ರಸ್ತೆಯ ಮೇಲೆ ಹತ್ತುವ ಮುಂಚೆ ಹೆಚ್ಚಾದದ್ದು ಅದರೊಳಗಿಂದ ಹರಿದುಹೋಗಲಿ ಎಂದು. ಹೆದರಿದವನು ಕೈಗೆ ಸಿಕ್ಕಿದ್ದನ್ನು ತುರುಕಿ ನೀರು ತಡೆಯುತ್ತಾನೆ. ಇಲ್ಲಿ ಯಾರೋ ಕೂತು ಲೆಕ್ಕ ಹಾಕಿ ನೀರನ್ನು ಶೇಖರಿಸಿದ್ದರು.

ಠಾಣೆಯಲ್ಲಿ ಹಿರಿಯ ಅಧಿಕಾರಿ ಕಾಯುತ್ತಿದ್ದರು. ಫಲಕ ಸರ್ಕಾರದ್ದು, ಬಾಗಿಲು ಸರ್ಕಾರದ್ದು, ಸತ್ತವನು ಅಕ್ರಮ ಜಾಗದವನು, ಇದರಲ್ಲಿ ಪೊಲೀಸರ ಕೆಲಸವೇನು ಎಂಬುದು ಅವರ ಪ್ರಶ್ನೆ. ಆಕಸ್ಮಿಕ ಮರಣ ಎಂದು ಮುಗಿಸಬೇಕು. ಬಾಗಿಲು ಯಾವ ಕಚೇರಿಯದ್ದೆಂದು ಲಿಖಿತದಲ್ಲಿ ಬಂದ ಕೂಡಲೇ ಮುಗಿಸುತ್ತೇನೆಂದು ಗುಣಪಾಲ ಹೇಳಿದ. ಅವರು ಅವನ ಮುಖ ನೋಡದೆ ಎದ್ದು ಹೋದರು.

ಶನಿವಾರವೆಲ್ಲ ಅದಕ್ಕೇ ಹೋಯಿತು. ರಸ್ತೆ ನೋಡಿಕೊಳ್ಳುವ ಕಚೇರಿಯವರು, ಡಾಂಬರು ಮಾತ್ರ ನಮ್ಮದು, ಅಡಿಯಲ್ಲಿ ಹರಿಯುವುದು ನಮ್ಮದಲ್ಲ ಎಂದರು. ನಾಲೆ ನೋಡಿಕೊಳ್ಳುವವರು, ನಾಲೆ ಕೊಳವೆಯ ಬಾಯಿಗೆ ಮುಗಿಯಿತು, ಕೊಳವೆ ರಸ್ತೆಯವರದ್ದು ಎಂದರು. ಇಡೀ ಸೀಮೆಯ ಯೋಜನೆ ಮಾಡುವ ಥಾಣೆಯ ಕಚೇರಿಯಲ್ಲಿ ಒಬ್ಬ ಅಧಿಕಾರಿ ಕುರ್ಚಿ ಕೂಡ ತೋರಿಸದೆ, ನಾವು ನಕ್ಷೆ ಮಾಡುತ್ತೇವೆ, ಬಾಗಿಲು ಮಾಡುವುದಿಲ್ಲ ಎಂದ. ಮೂರು ಕಚೇರಿಗಳಲ್ಲಿ ಮೂವರೂ ಒಬ್ಬರನ್ನೊಬ್ಬರು ಬೈದರು. ಬಾಗಿಲು ತಮ್ಮದೆಂದು ಒಬ್ಬನೂ ಹೇಳಲಿಲ್ಲ. ಅಂದರೆ ಫಲಕ ಸುಳ್ಳು. ಅಂದು ಸಂಜೆಯೇ ಗುಣಪಾಲ ಎಫ್‌ಐಆರ್ ದಾಖಲಿಸಿದ: ಭಾರತೀಯ ದಂಡ ಸಂಹಿತೆಯ ೩೦೪, ಕೊಲೆಯಲ್ಲದ ನರಹತ್ಯೆ, ೪೩೨, ಸಾರ್ವಜನಿಕ ನೀರುಗಾಲುವೆಗೆ ಅಡ್ಡಿ. ಆರೋಪಿ, ಅಪರಿಚಿತ.

ಭಾನುವಾರ ಸೊಸೈಟಿಯಲ್ಲಿ ವಿಚಾರಣೆ. ಕಾರ್ಯದರ್ಶಿ ತಾರಾನಾಥ ಉಡುಪಿ ಕಡೆಯವನು. ಗುರಮ್ಮ ಪಾತ್ರೆ ತೊಳೆಯುತ್ತಿದ್ದುದು ಅವನ ಹೋಟೆಲಿನಲ್ಲೇ. ಬಾಗಿಲಲ್ಲಿ ಅಡ್ಡ ನಿಂತು ಮಾತಾಡಿದ.

"ಹೋದ ವರ್ಷ ನಮ್ಮ ಮನೆಯೊಳಗೆ ಸೊಂಟದವರೆಗೆ ನೀರು. ಆಗ ಒಬ್ಬ ಪೊಲೀಸ್ ಬರಲಿಲ್ಲ. ಈಗ ಎಂಥ ಕೇಳ್ಲಿಕ್ಕೆ ಬಂದದ್ದು?"

"ಆ ಬಾಗಿಲು ಯಾರು ಹಾಕಿಸಿದ್ದು?"

"ಗವರ್ನ್ಮೆಂಟು. ಬೋರ್ಡು ಓದ್ಲಿಕ್ಕೆ ಬರುವುದಿಲ್ವಾ ನಿಮಗೆ?"

"ಬಾಗಿಲು ಬಿದ್ದದ್ದರಿಂದ ಲಾಭ ನಿಮಗೇ."

"ಲಾಭ ಆದ ಕೂಡ್ಲೆ ಕಳ್ಳ ಆಗ್ತಾನಾ ಮನುಷ್ಯ? ಬರೆದುಕೊಳ್ಳಿ, ನನಗೆ ಗೊತ್ತಿಲ್ಲ."

ಹಿಂದೆ ನಿಂತಿದ್ದ ಅವನ ಹೆಂಡತಿ ಮುಕ್ತಾ ಏನೋ ಹೇಳಲು ಹೋಗಿ, ಗಂಡನ ತುಳು ಮಾತೊಂದಕ್ಕೆ ಒಳಗೆ ಸರಿದಳು. ಗುಣಪಾಲ ಅದನ್ನು ಗಮನಿಸಿದ.

ಚಾಳದಲ್ಲೂ ಬಾಯಿ ಬಿಡುವವರಿರಲಿಲ್ಲ. ಮಳೆಯ ಬಗ್ಗೆ, ಹೆಣದ ಬಗ್ಗೆ, ಪೊಲೀಸರ ಬಗ್ಗೆ ಬೇಕಾದಷ್ಟು ಕೂಗಾಡುತ್ತಿದ್ದವರು, ಈ ಬಾಗಿಲು ಕೂರಿಸುವಾಗ ಯಾರು ನೋಡಿದಿರಿ ಎಂದರೆ ನೆಲ ನೋಡುತ್ತಿದ್ದರು. ಹಾಡಹಗಲೇ, ತಮ್ಮ ಮನೆಗಳ ಮುಂದೆಯೇ ಆದ ಕೆಲಸ. ಸೊಸೈಟಿಯವರು ಸುಮ್ಮನಿರುವುದಕ್ಕೆ ಕಾರಣ ಇತ್ತು, ಇವರೇಕೆ? ಗುಣಪಾಲ ಯಂಕಣ್ಣನೆಂಬ ಮಧ್ಯವಯಸ್ಸಿನ ಕೂಲಿಯನ್ನು ಗುಂಪಿನಿಂದ ದೂರ ಕರೆದೊಯ್ದ. ಮಾಪಣ್ಣನ ಹೆಣವನ್ನು ನೀರಿನಿಂದ ಎತ್ತಿದವನು ಅವನೇ.

"ಕೂರಿಸಿದ್ದು ನೀವೇನು?"

ಯಂಕಣ್ಣ ಹೌದೆಂದು ತಲೆ ಆಡಿಸಿದ. "ಮೇ ತಿಂಗಳದಾಗರಿ. ಸರಕಾರಿ ಕೆಲಸ ಅಂತ ಒಬ್ರು ಮುದುಕ್ರು ನಮ್ಮ ನಾಕ ಮಂದೀನ ಕರದ್ರು. ಸಿಮೆಂಟ್ ಒಡದು ಜಾಡ ಕುಂದ್ರಿಸೀವಿ. ಮುಂದ ನಿಮಗ ಸೊಳ್ಳಿ ಕಾಟ ಇರಂಗಿಲ್ಲ ಅಂದ್ರು ಆ ಮುದುಕ್ರು." ಕಣ್ಣೊರೆಸಿಕೊಂಡು, "ಗುರವ್ವಗ ಹೇಳಬ್ಯಾಡ್ರಿ" ಎಂದ.

ಮುದುಕರ ಹೆಸರು ಅವನಿಗೆ ಗೊತ್ತಿರಲಿಲ್ಲ. ತಗಡು ತಂದ ಟೆಂಪೋದ ಮೇಲಿನ ಹೆಸರು ನೆನಪಿತ್ತು. ಸೋಮವಾರ ಅಂಬಾದಾಸ ಆ ಟೆಂಪೋದ ಬೆನ್ನು ಹತ್ತಿ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಗೆ ಹೋದ. ಅಲ್ಲಿಂದ ಮಾರನೆಯ ದಿನ ಜಯಶೀಲ ಎಂಬವನ ವೆಲ್ಡಿಂಗ್ ಶೆಡ್ಡಿಗೆ. ಜಯಶೀಲ ಏನನ್ನೂ ಅಡಗಿಸಲಿಲ್ಲ. ಬಾಗಿಲು ಮಾಡಿಸಿದವರು ವಯಸ್ಸಾದ ಸಾಹೇಬರು, ಕನ್ನಡಕ, ಬಿಳಿ ಅರ್ಧತೋಳಿನ ಅಂಗಿ. ಅಳತೆ ಬರೆದೇ ತಂದಿದ್ದರು. ಮೇಲಿನ ಸೀಳು ಅರ್ಧ ಅಂಗುಲ ತಪ್ಪಿತೆಂದು ಒಂದು ತಗಡನ್ನು ವಾಪಸು ಮಾಡಿಸಿದ್ದರು. ಹೆಸರು ಪುಂಡರೀಕಾಕ್ಷ. ಸೊಸೈಟಿಯ ನೆಲಮಹಡಿಯಲ್ಲೇ ಮನೆ.

ಬಂಧನಕ್ಕೆ ಇಷ್ಟು ಸಾಲದು. ಬಾಗಿಲು ಮಾಡಿಸುವುದು ಒಂದು, ಆ ದಿನ ಪಿನ್ನು ಕೀಳುವುದು ಇನ್ನೊಂದು. ಗುಣಪಾಲ ತಾರಾನಾಥ ಹೋಟೆಲಿಗೆ ಹೋದ ವೇಳೆ ನೋಡಿ, ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಜೊತೆ ಮತ್ತೆ ಅವನ ಮನೆಗೆ ಹೋದ. ಮುಕ್ತಾ ಈ ಸಲ ಬಾಗಿಲು ಪೂರ್ತಿ ತೆರೆದಳು. ಕೂರಿ ಎನ್ನಲಿಲ್ಲ.

"ಗುರಮ್ಮ ನಾಲ್ಕು ವರ್ಷದಿಂದ ನಮ್ಮಲ್ಲಿ ಕೆಲಸಕ್ಕೆ ಇರುವವಳು," ಎಂದಳು. "ಅವತ್ತು ಮಧ್ಯಾಹ್ನ ಮಳೆ ಜೋರಾದಾಗ ಪುಂಡರೀಕಾಕ್ಷರು ಕೊಡೆ ಹಿಡಿದು ರಸ್ತೆಗೆ ಹತ್ತಿದರು. ಕೈಯಲ್ಲಿ ಸುತ್ತಿಗೆ. ನಾನು ಇದೇ ಕಿಟಕಿಯಿಂದ ನೋಡಿದ್ದೇನೆ. ವಾಪಸು ಬಂದು ಮಹಡಿ ಮೆಟ್ಟಿಲಲ್ಲಿ ನಿಂತು ನನ್ನ ಹತ್ತಿರ, 'ಈ ವರ್ಷ ನೀರು ಬರುವುದಿಲ್ಲ, ಹೆದರಬೇಡಿ' ಅಂದರು. ಹೋದ ವರ್ಷದಿಂದ ನಾನು ಅವರ ಹತ್ತಿರ ಮಾತು ಬಿಟ್ಟಿದ್ದೆ. ಆದರೂ ಹೇಳಿದರು."

"ಮಾತು ಯಾಕೆ ಬಿಟ್ಟಿದ್ದಿರಿ?"

"ಅವರ ಮಾತು ನಂಬಿಯೇ ನಾವೆಲ್ಲ ಇಲ್ಲಿ ಮನೆ ತಕೊಂಡದ್ದು."

ಬುಧವಾರ ಬೆಳಿಗ್ಗೆ ಹತ್ತಕ್ಕೆ ಗುಣಪಾಲ ಪುಂಡರೀಕಾಕ್ಷರ ಮನೆಯ ಗಂಟೆ ಒತ್ತಿದ. ಅರುವತ್ತು ದಾಟಿದ, ತೆಳ್ಳಗಿನ ಮನುಷ್ಯ. ಥಾಣೆಯ ಆ ಯೋಜನಾ ಕಚೇರಿಯಿಂದಲೇ ನಿವೃತ್ತರು. ಗೋಡೆಯ ಸುಣ್ಣ ಸೊಂಟದ ಎತ್ತರದವರೆಗೆ ಇನ್ನೂ ಕಲೆಗಟ್ಟಿತ್ತು. ಅವರು ಏನನ್ನೂ ಅಲ್ಲಗಳೆಯಲಿಲ್ಲ. ಕೇಳಿದ್ದಕ್ಕೆ, ಕಚೇರಿಯಲ್ಲಿ ಕೆಳಗಿನವನಿಗೆ ಪಾಠ ಹೇಳುವ ಧಾಟಿಯಲ್ಲಿ ಉತ್ತರಿಸಿದರು.

"ಯಾರ ಪರವಾನಗಿಯಿಂದ ಹಾಕಿಸಿದಿರಿ?"

"ಮೂರು ಕಚೇರಿಗೂ ಹೋಗಿದ್ದೆ. ನಮ್ಮದಲ್ಲ ಅಂದರು. ಯಾರದ್ದೂ ಅಲ್ಲದ ಜಾಗಕ್ಕೆ ಯಾರ ಪರವಾನಗಿ?"

"ಮೇಲ್ಗಡೆ ನೂರಕ್ಕೂ ಹೆಚ್ಚು ಮನೆಗಳಿವೆ."

"ನಕ್ಷೆಯಲ್ಲಿ ಇಲ್ಲ. ಅಲ್ಲಿ ಕೆರೆ."

ಅರ್ಥವಾಗಲಿಲ್ಲ ಎಂದು ಗುಣಪಾಲ ಹೇಳಿದ. ಅವರು ವಿವರಿಸಿದರು. ಸಾಗರಛಾಯಾ ನಿಂತಿರುವ ಜಾಗ ಮೊದಲು ಮಳೆನೀರು ತಂಗುವ ತಗ್ಗು. ಭರತದ ವೇಳೆ ಖಾಡಿ ನೀರನ್ನು ಒಳಗೆ ಬಿಡುವುದಿಲ್ಲ. ಇಳಿತ ಬರುವವರೆಗೆ ಅದು ಎಲ್ಲಾದರೂ ನಿಲ್ಲಬೇಕು. ಆ ತಗ್ಗನ್ನು ಮನೆಗಳಿಗೆ ಬಿಡುವ ಕಡತ ಅವರ ಮೇಜಿಗೆ ಬಂದಿತ್ತು. ಮೇಲಿನಿಂದ ಒತ್ತಡವೂ ಬಂದಿತ್ತು. ಬದಲಿಗೆ ರಸ್ತೆಯ ಆಚೆ ಇಟ್ಟಿಗೆಭಟ್ಟಿಯ ಬಯಲಿನಲ್ಲಿ ಕೆರೆ ತೋಡಬೇಕು, ಬಾಗಿಲು ಇಡಬೇಕು ಎಂದು ಷರತ್ತು ಹಾಕಿ ಅವರು ಸಹಿ ಮಾಡಿದರು. ಕಟ್ಟಡಗಳು ಎದ್ದವು. ಕೆರೆಯನ್ನು ಯಾರೂ ತೋಡಲಿಲ್ಲ. ಕಟ್ಟಡ ಕಟ್ಟಿದ ಕೂಲಿಗಳೇ ಆ ಬಯಲಿನಲ್ಲಿ ಮನೆ ಮಾಡಿಕೊಂಡು ಉಳಿದರು.

"ಗೊತ್ತಿದ್ದೂ ನೀವು ಇಲ್ಲೇ ಮನೆ ತಗೊಂಡಿರಿ. ಬೇರೆಯವರಿಗೂ ಹೇಳಿದಿರಿ."

"ಕೆರೆ ಆಗುತ್ತದೆ ಅಂತ ನಂಬಿದ್ದೆ." ಮೊದಲ ಸಲ ಅವರ ಧ್ವನಿ ಇಳಿಯಿತು. "ಹೋದ ವರ್ಷ ನೀರು ಬಂದ ಮೇಲೆ ಈ ಕಟ್ಟಡದಲ್ಲಿ ನನ್ನ ಮುಖ ನೋಡಿ ಬಾಗಿಲು ಹಾಕಿಕೊಳ್ಳದವರು ಒಬ್ಬರೂ ಇರಲಿಲ್ಲ. ನಕ್ಷೆಯಲ್ಲಿ ಇದ್ದದ್ದನ್ನೇ ನಾನು ಮಾಡಿದ್ದು, ಇನ್‌ಸ್ಪೆಕ್ಟರೇ. ಹೆಚ್ಚಿಗೆ ಒಂದಂಗುಲ ಮಾಡಲಿಲ್ಲ."

"ಪಿನ್ನು ಕೀಳುವಾಗ ಆಚೆ ಜನ ಕಾಣಲಿಲ್ಲವೇ?"

ಪುಂಡರೀಕಾಕ್ಷರು ಯೋಚಿಸಿದರು. ತಪ್ಪಿಸಿಕೊಳ್ಳುವ ಯೋಚನೆಯಾಗಿರಲಿಲ್ಲ ಅದು, ನಿಜಕ್ಕೂ ನೆನಪಿಸಿಕೊಳ್ಳುತ್ತಿದ್ದರು. "ನಾನು ನೀರಿನ ಮಟ್ಟ ನೋಡುತ್ತಿದ್ದೆ" ಎಂದರು.

ಕರೆದೊಯ್ಯುವಾಗ ಸೊಸೈಟಿಯ ಜನ ಬಾಲ್ಕನಿಗಳಲ್ಲಿ ನಿಂತಿದ್ದರು. ತಾರಾನಾಥ, ಇಷ್ಟು ದಿನ ಆ ಮನುಷ್ಯನ ಹೆಸರು ಹೇಳದೆ ಕಾಪಾಡಿದ್ದವನು, ಜೀಪು ಹತ್ತಿಸುವಾಗ ನಡುವೆ ಬಂದು ಅವರ ಕಾಲ ಬಳಿ ಉಗುಳಿದ. ನಮ್ಮ ಮನೆಗಳಿಗೆ ಇನ್ನು ಯಾರು ಬೆಲೆ ಕೊಡುತ್ತಾರೆ ಎಂದು ಬೈದ. ರಸ್ತೆಯ ಮೇಲೆ ಚಾಳದವರು ಜೀಪನ್ನು ಅಡ್ಡಗಟ್ಟಿದರು. ಅವರನ್ನು ಸರಿಸಿ ಮುಂದೆ ಹೋಗಲು ಹೆಚ್ಚುವರಿ ತುಕಡಿ ಕರೆಸಬೇಕಾಯಿತು. ಗಾಜು ಒಡೆದು ಅಂಬಾದಾಸನ ಹಣೆಗೆ ಮೂರು ಹೊಲಿಗೆ ಬಿದ್ದವು.

ಮರುದಿನ ಬಾಗಿಲುಗಳನ್ನು ಜಾಡುಸಮೇತ ಕಿತ್ತು ತೆಗೆಯಬೇಕೆಂದು ಗುಣಪಾಲ ಬರೆದ ಪತ್ರಕ್ಕೆ, ಅವು ತಮ್ಮ ವ್ಯಾಪ್ತಿಯಲ್ಲಿಲ್ಲ ಎಂದು ರಸ್ತೆಯ, ನಾಲೆಯ ಎರಡೂ ಕಚೇರಿಗಳಿಂದ ಉತ್ತರ ಬಂತು. ಪಂಚನಾಮೆ ಮಾಡಿ ಜಯಶೀಲನಿಂದಲೇ ಗ್ಯಾಸಿನಲ್ಲಿ ಕತ್ತರಿಸಿ ತೆಗೆಸಿದ. ಮುಂದಿನ ದೊಡ್ಡ ಮಳೆಗೆ ಸಾಗರಛಾಯಾದ ನೆಲಮಹಡಿಗೆ ನೀರು ನುಗ್ಗುವುದು ಖಂಡಿತ ಎಂಬುದು ಅವನಿಗೂ ಗೊತ್ತಿತ್ತು.

ಸಂಜೆ ಗುರಮ್ಮನಿಗೆ ಹೇಳಲು ಅವನೇ ಹೋದ. ಅವಳು ಒದ್ದೆ ಕೌದಿಗಳನ್ನು ರಸ್ತೆಯ ಕಂಬಿಯ ಮೇಲೆ ಹಾಕುತ್ತಿದ್ದಳು. ಬಂಧಿಸಿದವನು ಯಾರು, ಎಲ್ಲಿದ್ದ, ಏನು ಮಾಡಿದ ಎಂದು ಅವನು ಚಿಕ್ಕದಾಗಿ ಹೇಳಿದ. ಯಂಕಣ್ಣನ ಮಾತು ಎತ್ತಲಿಲ್ಲ. ಅವಳು ಪೂರ್ತಿ ಕೇಳಿ, ಕೌದಿಯ ಮಡಿಕೆ ಬಿಡಿಸುತ್ತ ಒಂದೇ ಪ್ರಶ್ನೆ ಕೇಳಿದಳು.

"ನನ್ನ ಗಂಡನ ಮ್ಯಾಲ ಆ ಮನಶ್ಯಾಗ ಏನ್ ಸಿಟ್ಟಿತ್ರಿ?"

"ಸಿಟ್ಟೇನಿರಲಿಲ್ಲವ್ವ. ನಿನ್ನ ಗಂಡ ಅಲ್ಲಿದ್ದಾನ ಅಂತನ ಅವರಿಗೆ ಗೊತ್ತಿರಲಿಲ್ಲ."

ಅವಳು ಅವನನ್ನು ನೋಡಿದಳು. ಠಾಣೆಗೆ ಹೆಣ ತಂದ ದಿನ ಆ ಕಣ್ಣಲ್ಲಿದ್ದ ದ್ವೇಷ ಈಗ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಂತಿತ್ತು.

"ಸಿಟ್ಟರ ಇದ್ದಿದ್ರ ಚಲೋ ಇತ್ತು," ಎಂದು ಗುರಮ್ಮ ಇನ್ನೊಂದು ಕೌದಿ ಎತ್ತಿಕೊಂಡಳು.