ಹದಿನೆಂಟು ಅಡಿ ಕಿಟಕಿ

"ಅಪ್ಪಾ, ನೋಡ್ತಿದಾರೆ! ಎಲ್ಲಾರೂ ನನ್ನನ್ನೇ ನೋಡ್ತಿದಾರೆ!"

ಪೀಪಿ ಬ್ರೆಡ್ಡಿನ ತುಂಡನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಅಲ್ಲಾಡದೆ ಕುಳಿತಿದ್ದಳು. ಕಿಟಕಿಯ ಗಾಜಿನ ಆಚೆ ಬಸ್ ಸ್ಟಾಪು. ಅಲ್ಲಿ ಮೂವತ್ತು ಜನ ಈ ಕಡೆಗೇ ಮುಖ ಮಾಡಿ ನಿಂತಿದ್ದರು.

"ನೋಡಿದ್ರೆ ಬ್ರೆಡ್ಡೇನು ಸವೆದು ಹೋಗುತ್ತಾ? ಸುಮ್ನೆ ತಿನ್ನು," ಎಂದ ಅಪ್ಪ.

ಪೀಪಿ ಕಣ್ಣು ಮುಚ್ಚಿ ಒಂದು ತುಂಡು ಕಚ್ಚಿದಳು. ಅಷ್ಟೇ! ಮೂವತ್ತೂ ಜನ ಬ್ಯಾಗು ಎತ್ತಿಕೊಂಡು ದಡಬಡ ಓಡಿದರು.

"ನೋಡಿದ್ಯಾ? ನಾನು ತಿನ್ನೋದನ್ನ ನೋಡೋಕಾಗ್ದೆ ಓಡಿಹೋದ್ರು!"

ಹುಟ್ಟಿದಾಗ ಪೀಪಿ ಊದಿದ ಹಾಗೆ ಅಳುತ್ತಿದ್ದಳೆಂದು ಅವಳಿಗೆ ಆ ಹೆಸರು ಬಿದ್ದಿತ್ತು. ಈಗ ಹತ್ತು ವರ್ಷವಾದರೂ ಅಳುವಿನ ದನಿ ಅಷ್ಟೇನೂ ಬದಲಾಗಿರಲಿಲ್ಲ.

ಅವಳ ಸಂಕಟಕ್ಕೆಲ್ಲ ಆ ಕಿಟಕಿಯೇ ಕಾರಣ. ಎರಡು ತಿಂಗಳ ಹಿಂದೆ ಅವರು ಬಾಡಿಗೆಗೆ ಬಂದ ಈ ಮನೆ ಮೊದಲು ಮನೆಯೇ ಆಗಿರಲಿಲ್ಲ, ಮಂಚ ಮಾರುವ ಅಂಗಡಿಯಾಗಿತ್ತು. ಎರಡು ರಸ್ತೆ ಸೇರುವ ಮೂಲೆಯಲ್ಲಿ ಹದಿನೆಂಟು ಅಡಿ ಅಗಲದ ಗಾಜು. ಮುಂದಿನ ರಸ್ತೆಯುದ್ದಕ್ಕೂ ಹೋಗಿ, ತುದಿಯಲ್ಲಿ ಪಕ್ಕದ ರಸ್ತೆಯ ಕಡೆಗೂ ಸ್ವಲ್ಪ ತಿರುಗಿತ್ತು. ಅದರ ಮೇಲೆ ಅಂಟಿಸಿದ್ದ 'ಅರ್ಧ ಬೆಲೆ' ಎಂಬ ಕೆಂಪು ಅಕ್ಷರಗಳು ಎಷ್ಟು ಕೆರೆದರೂ ಹೋಗಲಿಲ್ಲ. ಸರಿಯಾಗಿ ಅಪ್ಪನ ಕುರ್ಚಿಯ ಮೇಲೇ ಬರುತ್ತಿದ್ದವು. ಮೊದಲ ವಾರ ಯಾರೋ ಒಬ್ಬರು ಸೀದಾ ಒಳಗೆ ಬಂದು, ಅಪ್ಪನ ಮಂಚದ ಮೇಲೆ ಮಲಗಿ, ಎರಡು ಸಲ ಹೊರಳಿ, "ಸ್ವಲ್ಪ ಗಟ್ಟಿ ಆಯ್ತು," ಎಂದು ಎದ್ದು ಹೋಗಿದ್ದರು.

ಅದನ್ನಾದರೂ ಸಹಿಸಬಹುದಿತ್ತು. ಆದರೆ ಬೆಳಗಿನ ತಿಂಡಿಯ ಹೊತ್ತು? ಸೋಮವಾರ ಪೀಪಿ ಆಕಳಿಸಿದಳು, ಮೂವತ್ತು ಜನ ಎದ್ದು ನಿಂತರು. ಮಂಗಳವಾರ ಸಾಕ್ಸ್ ಹುಡುಕಲು ಟೇಬಲ್ ಕೆಳಗೆ ನುಗ್ಗಿದಳು, ಎಲ್ಲರೂ "ಛೇ" ಎಂದು ತಲೆಯಾಡಿಸಿ ಕುಳಿತರು. ಬುಧವಾರ ಅವಳು ಜಡೆ ಹಾಕಿಕೊಂಡು ಮುಗಿಸಿದಾಗ ಕೊಡೆ ಹಿಡಿದ ಆಂಟಿಯೊಬ್ಬರು ಚಪ್ಪಾಳೆ ತಟ್ಟಿದರು! ಪೀಪಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು.

ಗುರುವಾರದಿಂದ ಅವಳು ಬಚ್ಚಲುಮನೆಯಲ್ಲಿ, ಬಕೆಟ್ ಬೋರಲು ಹಾಕಿಕೊಂಡು, ಅದರ ಮೇಲೆ ಕುಳಿತು ತಿಂಡಿ ತಿನ್ನತೊಡಗಿದಳು.

"ಕಿಟಕಿ ಮುಚ್ಚೋವರೆಗೂ ನಾನು ಇಲ್ಲೇ!" ಎಂದು ಒಳಗಿನಿಂದ ಕೂಗಿದಳು.

"ನಾನು ಸ್ನಾನ ಮಾಡ್ಬೇಕಲ್ಲೇ!" ಎಂದು ಅಮ್ಮ ಹೊರಗಿನಿಂದ ಕೂಗಿದಳು.

ಹೀಗಾಗಿ ಶನಿವಾರ ಎಲ್ಲರೂ ಪರದೆ ಅಂಗಡಿಗೆ ಹೋದರು. ಅಳತೆ ಕೇಳಿದ ಅಂಗಡಿಯವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಹದಿನೆಂಟು ಅಡಿನಾ? ಸರ್, ಕಿಟಕಿ ಅಳತೆ ಕೇಳಿದ್ದು ನಾನು. ಬೀದಿದಲ್ಲ."

"ಕಿಟಕಿದೇ ಹೇಳ್ತಿರೋದು," ಎಂದ ಅಪ್ಪ.

"ಅಷ್ಟು ಅಗಲದ ಬ್ಲೈಂಡ್ಸ್ ರೆಡಿ ಸಿಗಲ್ಲ. ಸ್ಪೆಷಲ್ ಆರ್ಡರ್ ಕೊಡ್ಬೇಕು." ಅವರು ಒಂದು ಚೀಟಿಯಲ್ಲಿ ಬೆಲೆ ಬರೆದು ಮಡಚಿ ಕೊಟ್ಟರು. ಅಪ್ಪ ಬಿಡಿಸಿ ನೋಡಿದ, ಮಡಚಿದ, ಮತ್ತೆ ಬಿಡಿಸಿ ನೋಡಿದ. ಬೆಲೆ ಹಾಗೆಯೇ ಇತ್ತು. ಬೀಗದ ಕೈ ಮಾಡುವ ಅಪ್ಪ ಇಡೀ ಊರಿನ ಬಾಗಿಲುಗಳಿಗೆ ಕೀಲಿಕೈ ಮಾಡಿಕೊಟ್ಟರೂ ಅಷ್ಟು ದುಡ್ಡು ಹುಟ್ಟುವಂತಿರಲಿಲ್ಲ.

ಮನೆಗೆ ಬಂದವನೇ ಅವನು ಗಾಜಿಗೆ ಹಳೆಯ ಪೇಪರ್ ಅಂಟಿಸಿದ. ಪೀಪಿಯ ಕುರ್ಚಿಯ ಕಡೆಯಿಂದ ಶುರುಮಾಡಿ ಅರ್ಧ ಗಾಜಿಗೆ ಬರುವಷ್ಟರಲ್ಲಿ ಪೇಪರ್ ಮುಗಿಯಿತು. ಹತ್ತು ನಿಮಿಷಕ್ಕೆ ಟಕ್ ಟಕ್ ಎಂದು ಯಾರೋ ಗಾಜು ಬಡಿದರು. ನೋಡಿದರೆ ಟೈ ಕಟ್ಟಿಕೊಂಡ ಅಂಕಲ್.

"ಸರ್, ಇಲ್ಲಿ 'ಮುಂದಿನ ಪುಟ ನೋಡಿ' ಅಂತಿದೆ. ಸ್ವಲ್ಪ ತಿರುಗಿಸ್ತೀರಾ?"

ಅವರ ಹಿಂದೆ ಆಗಲೇ ಏಳು ಜನ ಕ್ಯೂ ನಿಂತಿದ್ದರು. ಒಬ್ಬಾಕೆ ಲಿಪ್‌ಸ್ಟಿಕ್‌ನಲ್ಲಿ ಗಾಜಿನ ಮೇಲೇ ಪದಬಂಧ ತುಂಬುತ್ತಿದ್ದಳು. ಅಮ್ಮ ಪೇಪರ್ ಕಿತ್ತು ಹಾಕಿದಳು.

ಭಾನುವಾರ ಬೆಳಿಗ್ಗೆ ಅಮ್ಮನ ಸರದಿ. ಅವಳು ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ಹೊಲಿಗೆ ಎಂದರೆ ಎತ್ತಿದ ಕೈ. ಮನೆಯಲ್ಲಿದ್ದ ಆರೂ ಬೆಡ್‌ಶೀಟ್ ಸೇರಿಸಿ ಹೊಲಿದು, ಉದ್ದದ ಕಂಬಿಗೆ ನೇತುಹಾಕಿದಳು. ಭಾರಕ್ಕೆ ಕಂಬಿ ಬಾಗಿತು, ಇನ್ನೂ ಬಾಗಿತು, ಕೊನೆಗೆ ಧೊಪ್ಪೆಂದು ಶೇವ್ ಮಾಡಿಕೊಳ್ಳುತ್ತಿದ್ದ ಅಪ್ಪನ ಮೇಲೆ ಬಿತ್ತು. ಆರು ಬೆಡ್‌ಶೀಟಿನ ಒಳಗಿನಿಂದ ಅಪ್ಪನನ್ನು ಹುಡುಕಿ ತೆಗೆಯಲು ಸ್ವಲ್ಪ ಹೊತ್ತೇ ಹಿಡಿಯಿತು. ಒಂದು ಕಡೆಯ ಮೀಸೆ ಹೋಗಿತ್ತು.

ಅರ್ಧ ಮೀಸೆಯಲ್ಲೇ ಅಪ್ಪ ಮತ್ತೆ ಪರದೆ ಅಂಗಡಿಗೆ ಓಡಿದ. ಅವನ ಅವಸ್ಥೆ ನೋಡಿ ಅಂಗಡಿಯವರಿಗೆ ಕನಿಕರ ಹುಟ್ಟಿತು.

"ಒಂದೇ ಬ್ಲೈಂಡ್ ಯಾಕೆ ಸರ್? ಸಣ್ಣ ಸಣ್ಣವು ಪಕ್ಕ ಪಕ್ಕ ಹಾಕ್ಕೊಳ್ಳಿ. ಅಳತೆ ತಪ್ಪಿ ವಾಪಸ್ ಬಂದಿರೋವು ಗೋಡೌನ್‌ನಲ್ಲಿ ಧೂಳು ತಿಂತಾ ಬಿದ್ದಿವೆ. ಬಣ್ಣದ ಬಗ್ಗೆ ಮಾತ್ರ ಏನೂ ಕೇಳ್ಬೇಡಿ."

ಸಂಜೆಯ ಹೊತ್ತಿಗೆ ಒಂಬತ್ತು ಸಣ್ಣ ಬ್ಲೈಂಡುಗಳು ಸಾಲಾಗಿ ನೇತಾಡಿದವು. ಒಂದೊಂದಕ್ಕೂ ಬೇರೆ ಬೇರೆ ದಾರ, ಎಳೆದರೆ ಸುರುಳಿ ಸುತ್ತಿ ಮೇಲೆ ಹೋಗುತ್ತಿತ್ತು. ಒಂದು ನೇರಳೆ, ಒಂದು ಹಳದಿ. ಒಂದರ ತುಂಬ ಬಾತುಕೋಳಿ. ಇನ್ನೊಂದು ಯಾವುದೋ ಹಲ್ಲಿನ ಡಾಕ್ಟರಿಗಾಗಿ ಮಾಡಿದ್ದು, ನಡುವೆ ಇಷ್ಟು ದೊಡ್ಡ ದವಡೆ ಹಲ್ಲು. ಪೀಪಿಗೆ ಅದೆಲ್ಲ ಅರಮನೆಯ ಪರದೆಯಂತೆಯೇ ಕಂಡಿತು.

ತಾತನಿಗೆ ಮಾತ್ರ ಹಿಡಿಸಲಿಲ್ಲ. ಅಪ್ಪನ ಅಪ್ಪ ಅವರು. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದವರು. ಕಿಟಕಿ ತಿರುಗುವ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು, ದಿನಾ ಬೆಳಿಗ್ಗೆ ಕೈ ಎತ್ತುತ್ತಾ ಇಳಿಸುತ್ತಾ ಕೂರುತ್ತಿದ್ದರು. ಭುಜದ ನೋವಿಗೆ ಡಾಕ್ಟರು ಹೇಳಿದ ವ್ಯಾಯಾಮ ಎಂದು ಮನೆಯವರೆಲ್ಲ ತಿಳಿದಿದ್ದರು.

"ಇದನ್ನ ಮುಚ್ಚಿಬಿಟ್ರೆ ನನ್ನ ಡ್ಯೂಟಿ ಗತಿ ಏನು?" ಎಂದರು ತಾತ.

"ಕೈ ವ್ಯಾಯಾಮ ತಾನೇ ಮಾವ? ಗೋಡೆ ನೋಡ್ಕೊಂಡೂ ಮಾಡ್ಬಹುದಲ್ವಾ?" ಎಂದಳು ಅಮ್ಮ.

ತಾತ ಬಚ್ಚಲುಮನೆಯ ಕಡೆಗೊಮ್ಮೆ ನೋಡಿ, ಮೂಲೆಯಲ್ಲಿದ್ದ ದವಡೆ ಹಲ್ಲಿನ ಬ್ಲೈಂಡನ್ನು ತಾವೇ ಕೆಳಗಿಳಿಸಿದರು.

ಸೋಮವಾರ ಪೀಪಿ ರಾಣಿಯ ಹಾಗೆ ತಿಂಡಿ ತಿಂದಳು. ಕಾಲು ಮೇಲೆ ಮಾಡಿ ತಿಂದಳು, ಜಾಮ್ ಮೂಗಿಗೆ ಮೆತ್ತಿಕೊಂಡು ತಿಂದಳು, ಆಕಳಿಸಬೇಕೆಂದೇ ಐದು ಸಲ ಆಕಳಿಸಿದಳು. ಯಾರೂ ಏಳಲಿಲ್ಲ, ಯಾರೂ ಓಡಲಿಲ್ಲ. ಮೂಲೆಯಲ್ಲಿ ತಾತ ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು, ದವಡೆ ಹಲ್ಲಿನ ಚಿತ್ರವನ್ನು ನೋಡುತ್ತಾ ಕುಳಿತಿದ್ದರು.

ಬ್ಯಾಗು ಹಾಕಿಕೊಂಡು ಹೊರಗೆ ಬಂದರೆ ಬಸ್ ಸ್ಟಾಪಿನಲ್ಲಿ ಗಲಾಟೆಯೋ ಗಲಾಟೆ. ಒಂದು ಬಸ್ಸು ಪಕ್ಕದ ರಸ್ತೆಯಿಂದ ಥಟ್ಟನೆ ತಿರುಗಿ, ಯಾರೂ ಕೈ ತೋರಿಸುವಷ್ಟರಲ್ಲಿ ಭರ್ರೆಂದು ಹೊರಟುಹೋಯಿತು. ಟೈ ಅಂಕಲ್ ತಲೆಯ ಮೇಲೆ ಕೈ ಹೊತ್ತು ನಿಂತರು.

"ಮೂರನೇ ಬಸ್ಸು ಹೋಯ್ತು!" ಎಂದರು ಕೊಡೆ ಆಂಟಿ. "ಏನಮ್ಮ, ಆ ಹಿರಿಯರಿಗೆ ಹುಷಾರಿಲ್ವಾ?"

"ಯಾವ ಹಿರಿಯರು?"

"ಅದೇ, ಆ ಮೂಲೇಲಿ ಕೂರ್ತಾರಲ್ಲ. ಬಸ್ಸು ಆ ಪಕ್ಕದ ರಸ್ತೆ ಇಳಿಜಾರಲ್ಲಿ ಬರೋದು ಇಲ್ಲಿಂದ ನಮಗೆ ಕಾಣಲ್ಲ, ಅವ್ರಿಗೆ ಕಾಣುತ್ತೆ. ಎರಡು ಬೆರಳು ತೋರಿಸಿದ್ರೆ ಎರಡನೇ ನಂಬರ್. ಮುಷ್ಟಿ ಹಿಡಿದ್ರೆ ಬಸ್ಸು ಲೇಟು. ಅಂಗೈ ಬೀಸಿದ್ರೆ ಓಡಿ ಅಂತ. ಮೊನ್ನೆ ಬುಧವಾರ ಸಿಟಿ ಬಸ್ಸು ಖಾಲಿ ಬರ್ತಿದೆ ಅಂತ ತೋರಿಸಿದ್ರು ನೋಡು, ಖುಷಿಗೆ ಚಪ್ಪಾಳೆನೇ ತಟ್ಟಿಬಿಟ್ಟೆ!"

ಪೀಪಿ ಕಣ್ಣು ಕಣ್ಣು ಬಿಟ್ಟಳು. "ಹಾಗಾದ್ರೆ... ನೀವೆಲ್ಲ ನನ್ನನ್ನ ನೋಡ್ತಿರ್ಲಿಲ್ವಾ?"

"ನಿನ್ನನ್ನಾ?" ಆಂಟಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಆ ಮನೇಲಿ ಒಂದು ಮಗೂನೂ ಇದ್ಯಾ?"

ಎರಡು ದಿನ ಬಕೆಟ್ ಮೇಲೆ ಕುಳಿತದ್ದು, ಅಪ್ಪನ ಅರ್ಧ ಮೀಸೆ, ಎಲ್ಲವೂ ಒಟ್ಟಿಗೆ ನೆನಪಾದವು. ಅವಳು ತಿರುಗಿ ಮನೆಯೊಳಗೆ ಓಡಿದಳು.

"ತಾತಾ, ನೀವ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ರಿಟೈರ್ ಆದ್ಮೇಲೂ ಡ್ಯೂಟಿನಾ ಅಂತ ನಿಮ್ಮಪ್ಪ ನಗಲ್ವಾ? ನೀನು ಬೇರೆ ಬಚ್ಚಲಲ್ಲಿ ಕೂತಿದ್ದೆ." ತಾತ ಹಲ್ಲಿನ ಚಿತ್ರದಿಂದ ಕಣ್ಣು ತೆಗೆಯದೆ ಹೇಳಿದರು. "ಮಗು ಬಚ್ಚಲಲ್ಲಿ ತಿನ್ನೋ ಹಾಗಾದ್ರೆ ನಂಗೇನು ಚೆನ್ನಾಗಿರುತ್ತಾ?"

ಪೀಪಿಗೆ ಅಳು ಬಂತು. ಆದರೆ ಬಸ್ಸಿನ ಹೊತ್ತಾಗಿತ್ತು. ಅವಳು ದವಡೆ ಹಲ್ಲಿನ ದಾರ ಹಿಡಿದು ಜಗ್ಗಿದಳು. ಹಲ್ಲು ಸರ್ರನೆ ಮೇಲೆ ಹೋಯಿತು. ಆಚೆ ಮೂವತ್ತು ಮುಖಗಳು ಒಟ್ಟಿಗೆ ಅರಳಿದವು. ತಾತ ಅಂಗಿ ಎಳೆದು ಸರಿಮಾಡಿಕೊಂಡು, ಇಳಿಜಾರಿನ ಕಡೆ ನೋಡಿ, ನಾಲ್ಕು ಬೆರಳು ಎತ್ತಿದರು.

"ನಿನ್ನದೇ ಬಸ್ಸು, ಓಡು!"

ಮರುದಿನ ಬೆಳಿಗ್ಗೆ ಪೀಪಿ ಬಾತುಕೋಳಿಗಳ ಹಿಂದೆ ಕುಳಿತು ಬ್ರೆಡ್ಡು ತಿನ್ನುತ್ತಿದ್ದಳು. ಮನಸ್ಸು ತಡೆಯಲಿಲ್ಲ. ತನ್ನ ಬ್ಲೈಂಡಿನ ದಾರವನ್ನೂ ಎಳೆದಳು. ಬಾತುಕೋಳಿಗಳು ಮೇಲೆ ಹೋದವು. ಮೂಗಿನ ಮೇಲೆ ಚಮಚ ನಿಲ್ಲಿಸಿ, ಕೆನ್ನೆ ಉಬ್ಬಿಸಿ, ನಾಲಿಗೆ ಚಾಚಿ, ಅವಳಿಗೆ ಗೊತ್ತಿದ್ದ ಅತಿ ಕೆಟ್ಟ ಮುಖ ಮಾಡಿದಳು.

ಒಬ್ಬರೂ ನೋಡಲಿಲ್ಲ. ಎಲ್ಲರ ಕಣ್ಣೂ ಅವಳನ್ನು ದಾಟಿ ಮೂಲೆಗೇ ಹೋಗಿತ್ತು.

ಪೀಪಿಗೆ ಹಾಯೆನಿಸಿತು. ಸ್ವಲ್ಪ ಸಿಟ್ಟೂ ಬಂತು. ಇಷ್ಟು ಚೆನ್ನಾಗಿ ಚಮಚ ನಿಲ್ಲಿಸಿದ್ದೇನೆ, ಒಂದು ಸಲವಾದರೂ ನೋಡಬಾರದೇ! ಅಷ್ಟಕ್ಕೂ ಅವರು ಅದೇನು ಹಾಗೆ ನೋಡುತ್ತಾರೆ ಎಂದು ಅವಳೂ ಆ ಕಡೆ ತಿರುಗಿದಳು.

ತಾತನ ಕೈ ತೆಳ್ಳಗಿತ್ತು. ಮಂಡಿಯ ಮೇಲಿದ್ದಾಗ ನಡುಗುತ್ತಿತ್ತು. ಇಳಿಜಾರಿನಲ್ಲಿ ಬಸ್ಸು ಕಂಡಿರಬೇಕು, ಅವರು ಕೈ ಎತ್ತಿದರು. ಎತ್ತಿದ ಕೈ ಒಂದಿಷ್ಟೂ ನಡುಗಲಿಲ್ಲ. ಎರಡು ತಿಂಗಳು ಇದೇ ಕೋಣೆಯಲ್ಲಿ ಕುಳಿತು ತಿಂಡಿ ತಿಂದಿದ್ದರೂ ಪೀಪಿ ಇದನ್ನು ನೋಡಿದ್ದು ಇವತ್ತೇ. ಚಮಚ ಮೂಗಿನಿಂದ ಜಾರಿ ಬಿತ್ತು. ಅವಳು ಅದನ್ನು ಎತ್ತಿಕೊಳ್ಳದೆ ತಾತನ ಕೈಯನ್ನೇ ನೋಡುತ್ತಾ ಕುಳಿತಳು.