ಎರಡನೆಯ ಪಿಟೀಲಿನ ಕುರ್ಚಿ

ಯುರೋಪಿನ ಹಳೆಯ ಸಂಗೀತವನ್ನು ಅಂದಿನ ರೀತಿಯಲ್ಲೇ, ಕುರಿಯ ಕರುಳಿನಿಂದ ಮಾಡಿದ ತಂತಿಗಳ ಮೇಲೆ ನುಡಿಸುವ ನಾಲ್ವರ ತಂಡ ಅದು. ಕರ್ನಾಟಕ ಸಂಗೀತ ಕಲಿತಿದ್ದ ಹೇಮಶ್ರೀಯ ಬೆರಳು ಸ್ವರವನ್ನು ಓಲಾಡಿಸುವ ಗಮಕ ಬಿಡುತ್ತಿಲ್ಲವೆಂದು ತಂಡದ ಮುಖ್ಯಸ್ಥ ಷಡಕ್ಷರಿ ಸರ್ ಆಕೆಯನ್ನು ಹೊರಹಾಕಿದರು. ಆ ಅವಮಾನದಲ್ಲೇ ಕೊರಗಿ ಆಕೆ ತೀರಿಕೊಂಡಳು. ಆಕೆಯ ಎರಡನೆಯ ಪಿಟೀಲಿನ ಕುರ್ಚಿ ನನಗೆ ಸಿಕ್ಕಿತು. ಅದಕ್ಕಾಗಿ ನಾನು ಬಹಳ ಕಾಲ ಕಾದಿದ್ದೆ.

ಚಾಮರಾಜಪುರಂನ ಸರ್ ಮನೆಯಲ್ಲಿ ಮಧ್ಯಾಹ್ನ ರೆಕಾರ್ಡಿಂಗ್ ನಡೆಯಿತು. ಅಂಥ ಸೆಕೆಯಲ್ಲೂ ನನ್ನ ತಂತಿಗಳು ತಣ್ಣಗಿದ್ದವು. ಮತ್ತೆ ಹಾಕಿ ಕೇಳಿದಾಗ ನನ್ನ ಕೊನೆಯ ಸ್ವರ ಮೆಲ್ಲನೆ ಓಲಾಡಿತು.

“ನೀವೂ ಗಮಕ ಹಾಕ್ಬುಟ್ರಾ? ಇದೇನು ರಾಮೋತ್ಸವದ ಕಚೇರಿನಾ?” ಎಂದರು ಸರ್.

“ಅದು ಖಾಲಿ ತಂತಿ ಸರ್. ಬೆರಳೇ ಇಟ್ಟಿಲ್ಲ.”

ಬೆರಳಿಡದೆ ಗಮಕ ಹುಟ್ಟುವುದಿಲ್ಲ.

ಸರ್ ನಕ್ಕರು. “ಹೇಮಶ್ರೀನೂ ಇದೇ ಸ್ವರಕ್ಕೆ ಬೆರಳೇ ಇಟ್ಟಿಲ್ಲ ಅಂತ ಹಿಂಗೇ ಹೇಳ್ತಿದ್ಲು ಕಣ್ರೀ. ನಾಳೆಯಿಂದ ಬರ್ಬೇಡಿ.”