ಏಳನೇ ಮಂಚದ ಕೇಸ್ ಶೀಟು

“ಬದುಕಿರೋರ ಹೆಸರು ಮಾತ್ರ ಬರೀಬೇಡಮ್ಮ. ಆ ಮಂಚಕ್ಕೆ ಮಾಟ ಮಾಡಿದಾರೆ.”

ಮುಚ್ಚಿದ ಆಸ್ಪತ್ರೆಯನ್ನು ಕಾಯುತ್ತಿದ್ದ ಮುದಿ ಆಯಾ ಹೀಗೆಂದಾಗ ಕಲಾ ನಿರ್ದೇಶಕಿಗೆ ನಗು ತಡೆಯಲಾಗಲಿಲ್ಲ. “ನಮ್ದು ದೆವ್ವದ ಸಿನಿಮಾನೇ ಅಜ್ಜಿ. ದೆವ್ವ ಪುಕ್ಕಟೆ ಬಂದ್ರೆ ಒಳ್ಳೇದೇ ಆಯ್ತು.” ಸೆಟ್ ಹಾಕುವ ತಾಕತ್ತಿಲ್ಲದೆ ನಿಜವಾದ ವಾರ್ಡಿಗೇ ಬಂದ ಬಡಪಾಯಿ ತಂಡ ಅದು. ತುಕ್ಕು, ಹಳೇ ಫಿನಾಯಿಲು, ಬಾವಲಿ ಹಿಕ್ಕೆಯ ನಾತ, ಎಲ್ಲವೂ ಬಿಟ್ಟಿ. ಏಳನೇ ಮಂಚಕ್ಕೆ ತೂಗುಬಿದ್ದಿದ್ದ ಕೇಸ್ ಶೀಟಿಗೊಂದು ರೋಗಿಯ ಹೆಸರು ಬೇಕಿತ್ತು. ಕಂಡವರ ಹೆಸರು ಹಾಕಿದರೆ ಯಾರಾದರೂ ಕೋರ್ಟಿಗೆಳೆದಾರು ಎಂದು ಸಿನಿಮಾದವರು ಮನೆಯವರ ಹೆಸರನ್ನೇ ಬರೆಯುವುದು ರೂಢಿ. ಅವಳೂ ಕಪ್ಪು ಶಾಯಿಯಲ್ಲಿ ಅಮ್ಮನ ಹೆಸರು ಬರೆದಳು. ಜ್ವರ, ತೊಂಬತ್ತೊಂಬತ್ತು.

ಮರುದಿನ ಮಧ್ಯಾಹ್ನ ನೋಡಿದರೆ ಕೆಳಗಿನ ಸಾಲಿನಲ್ಲಿ ನೀಲಿ ಶಾಯಿಯ ನೂರೊಂದು. ಯಾರ ಕಿತಾಪತಿ? ಪ್ರಚಾರಕ್ಕಾಗಿ ನಿರ್ದೇಶಕನೇ ಹೂಡಿದ ಆಟ ಎಂದುಕೊಂಡಳು. ಅಷ್ಟರಲ್ಲಿ ತಂಗಿಯ ಫೋನು ಬಂತು.

“ಅಕ್ಕಾ, ಅಮ್ಮಂಗೆ ಬೆಳಗ್ಗೆಯಿಂದ ಜ್ವರ ಕಣೆ. ನೂರೊಂದು.”

ಇದು ನಿರ್ದೇಶಕನ ಕೈಯಲ್ಲಾಗುವ ಕೆಲಸವಲ್ಲ. ಅಂದಿನಿಂದ ಅವಳ ಕಣ್ಣು ಆಯಾಳ ಬೆನ್ನು ಬಿಡಲಿಲ್ಲ. ಮುದುಕಿ ಪದೇ ಪದೇ ವಾರ್ಡಿಗೆ ಏಕೆ ನುಸುಳುತ್ತಾಳೆ? ತುಟಿ ಏಕೆ ಪಿಟಿಪಿಟಿ ಅನ್ನುತ್ತದೆ? ಮೂರನೇ ದಿನ ಊಟದ ಬಿಡುವಿನಲ್ಲಿ ಬಾಗಿಲ ಹಿಂದೆ ಅಡಗಿ ನಿಂತಳು. ಆಯಾ ಬಂದಳು, ನೀಲಿ ಪೆನ್ನು ತೆಗೆದು ಕೇಸ್ ಶೀಟಿನ ಮೇಲೆ ಬರೆಯತೊಡಗಿದಳು.

“ಮಾಟಗಾತಿ! ನಮ್ಮಮ್ಮ ನಿಂಗೇನು ಮಾಡಿದ್ಲು?”

“ಜ್ವರ ಇಳಿಸೋಕೆ ಬರೀತಿದೀನಮ್ಮ... ಹೆಸರು ಬರೆದೋರ ಕೈಲಿ ಅದು ಇಳಿಯಲ್ಲ...”

ಕೇಳುವ ವ್ಯವಧಾನ ಯಾರಿಗಿತ್ತು? ಪೆನ್ನು ಕಿತ್ತುಕೊಂಡು, ಆಯಾಳನ್ನು ವ್ಯಾನಿಗೆ ಹತ್ತಿಸಿ, ಊರಾಚೆ ಬಿಟ್ಟು ಬರುವಂತೆ ಡ್ರೈವರಿಗೆ ಹೇಳಿದಳು. ಪೀಡೆ ತೊಲಗಿತು ಎಂದು ನಿಜಕ್ಕೂ ಹಗುರಾದಳು.

ಶೂಟಿಂಗ್ ಶುರುವಾಯಿತು. ಕ್ಯಾಮೆರಾ ಕೇಸ್ ಶೀಟಿನ ಹತ್ತಿರ ಸರಿದಂತೆ ಮಾನಿಟರಿನಲ್ಲಿ ಅಂಕಿಗಳು ಅಂಗೈಯಗಲ ದೊಡ್ಡದಾದವು. ಪ್ರತಿ ನೀಲಿ ಅಂಕಿಯ ಅಡಿಯಲ್ಲೂ ಮಸುಕಾದ ಕಪ್ಪು ಅಂಕಿಯೊಂದಿತ್ತು. ನೂರೊಂದರ ಅಡಿ ನೂರನಾಲ್ಕು. ನೂರೆರಡರ ಅಡಿ ನೂರ ಆರು. ಮುದುಕಿ ದಿನಾ ಅದನ್ನು ತಿದ್ದಿ ತಿದ್ದಿ ಅಮ್ಮನನ್ನು ಉಳಿಸಿಕೊಂಡು ಬಂದಿದ್ದಳು.

ಸುಟ್ಟ ಕೂದಲ ವಾಸನೆ ಬಂತು. ಖಾಲಿ ಸಾಲಿನಲ್ಲಿ ಕಪ್ಪು ಶಾಯಿ ತಾನಾಗಿ ಒಸರಿತು. ನೂರಮೂರು. ಅವಳು ಓಡಿದಳು. ನೀಲಿ ಪೆನ್ನಿನಲ್ಲಿ ತೊಂಬತ್ತೆಂಟು ಎಂದು ಬರೆದಳು. ಮೂಡಲಿಲ್ಲ. ಗೀಚಿದಳು. ಮೂಡಲಿಲ್ಲ. ಹರಿಯಲು ಎಳೆದಳು. ಕಾಗದ ಜಗ್ಗಲಿಲ್ಲ. ನೂರೈದು.

“ಯಾರಾದ್ರೂ ಬರೀರೋ! ನನ್ ಕೈಲಿ ಆಗ್ತಿಲ್ಲ!”

ಇದೇನೋ ಅವಳೇ ಹೊಸೆದ ನಾಟಕವೆಂದು ತಿಳಿದ ನಿರ್ದೇಶಕ ಕ್ಯಾಮೆರಾದವನ ಭುಜ ಅದುಮಿದ. “ಕಟ್ ಮಾಡ್ಬೇಡ. ಅದ್ಭುತ!” ಯಾರೂ ಅಲುಗಲಿಲ್ಲ. ನೂರೇಳು. ಸಾಲುಗಳು ಮುಗಿದವು. ಅವಳ ಫೋನು ಬಡಿದುಕೊಳ್ಳತೊಡಗಿತು.

ಅಮ್ಮನ ತಿಥಿ ಮುಗಿಸಿ ಬಂದು ಅವಳು ಬೇಡವೆಂದು ಅಂಗಲಾಚಿದರೂ ನಿರ್ದೇಶಕ ಆ ದೃಶ್ಯವನ್ನು ಬಿಡಲಿಲ್ಲ. ಸಿನಿಮಾ ಬಿಡುಗಡೆಯಾದಾಗ, ನಟನೆ ಸಪ್ಪೆ, ದೆವ್ವದ ಮೇಕಪ್ಪು ನಗೆಪಾಟಲು, ಆದರೆ ಕೇಸ್ ಶೀಟಿನ ಆ ಒಂದು ದೃಶ್ಯಕ್ಕಾಗಿ ನೋಡಲೇಬೇಕು ಎಂದು ವಿಮರ್ಶಕರು ಬರೆದರು. ಥಿಯೇಟರಿಗೆ ತಂಗಿಯೂ ಬಂದು ಅಕ್ಕನ ಕೈ ಹಿಡಿದು ಕೂತಿದ್ದಳು. ಪರದೆಯ ತುಂಬ ಅಮ್ಮನ ಹೆಸರು ಬಂತು. ಆ ದುಂಡು ಅಕ್ಷರ ಯಾರದೆಂದು ತಂಗಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಕೈ ಬಿಡಿಸಿಕೊಂಡು ಎದ್ದು ಹೋದಳು.